ಗೆಜ್ಜೆ ಸದ್ದು ನಿಂತ ಜಾಗ

2023ರ ಜುಲೈ 23, ಭಾನುವಾರ. ಕೊಲ್ಲೂರಿನ ಹತ್ತಿರದ ಅರಸಿನಗುಂಡಿ ಜಲಪಾತ ಮಳೆಗಾಲದ ಭರ್ತಿಯಲ್ಲಿತ್ತು. ಭದ್ರಾವತಿಯಿಂದ ಬಂದಿದ್ದ ತರುಣನೊಬ್ಬ ನೀರಿನ ಅಂಚಿನ ಬಂಡೆಯ ಮೇಲೆ ನಿಂತು, ಧುಮ್ಮಿಕ್ಕುವ ಹೊಳೆಯನ್ನು ನೋಡುತ್ತಿದ್ದ. ಆ ಹೊತ್ತಿನ ವಿಡಿಯೊ ಮೊಬೈಲಿನಲ್ಲಿ ಸೆರೆಯಾಗುತ್ತಿತ್ತು. ಕಾಲು ಜಾರಿತು. ಮರುಕ್ಷಣ ಬಂಡೆಯ ಮೇಲೆ ಯಾರೂ ಇರಲಿಲ್ಲ. ಆ ಕೆಲವು ಸೆಕೆಂಡುಗಳ ವಿಡಿಯೊ ನೋಡನೋಡುತ್ತ ನಾಡಿನ ಮೂಲೆಮೂಲೆಗೂ ಹರಡಿತು. ಮೃತದೇಹ ಸಿಗಲು ಒಂದು ವಾರ ಹಿಡಿಯಿತು.

ನೋಡಿದವರ ಬಾಯಲ್ಲಿ ಎರಡು ಬಗೆಯ ಮಾತು ಬಂತು. ಹಿರಿಯರು "ಆಯಸ್ಸು ಅಷ್ಟೇ ಇತ್ತು, ಪಾಪ" ಎಂದರು. ಮೊಬೈಲಿನಲ್ಲಿ ಬರೆಯುವವರು ಅಷ್ಟು ಮೃದುವಾಗಿರಲಿಲ್ಲ. ರೀಲ್ಸ್ ಹುಚ್ಚು, ಮಾಡಿದ್ದುಣ್ಣೋ ಮಹರಾಯ ಎಂದರು. ಎರಡೂ ಧರ್ಮದ ಭಾಷೆಯಿಂದಲೇ ಬಂದ ಮಾತುಗಳು. ಒಂದು ವಿಧಿಯ ಹೆಸರು ಹೇಳುತ್ತದೆ, ಇನ್ನೊಂದು ಕರ್ಮದ ಹೆಸರು. ಎರಡೂ ಆಡಿದವರ ಮನಸ್ಸಿಗೆ ತಕ್ಷಣ ಸಮಾಧಾನ ಕೊಡುತ್ತವೆ. ಆಯಸ್ಸು ಮುಗಿದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಹುಚ್ಚಿನಿಂದ ಸತ್ತಿದ್ದರೆ ಆ ಹುಚ್ಚು ನಮಗಿಲ್ಲ. ಚಾರಣದ ದಾರಿಗಳು ನಿಜಕ್ಕೂ ಎಷ್ಟು ಅಪಾಯದವು ಎಂದು ಕೇಳಹೊರಟವರಿಗೆ ಮೊದಲು ಎದುರಾಗುವ ಅಡ್ಡಿ ಈ ಸಮಾಧಾನವೇ. ಜಾರುವ ಬಂಡೆ, ಏರುವ ನೀರು, ಮುಗಿದ ಹಗಲು ಯಾವುದನ್ನೂ ಅದು ನೋಡಗೊಡುವುದಿಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಹದಿನಾಲ್ಕು ಕಿಲೋಮೀಟರಿಗೆ ಸಕ್ರೆಬೈಲು. ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ, ಶೆಟ್ಟಿಹಳ್ಳಿ ಅಭಯಾರಣ್ಯಕ್ಕೆ ಒತ್ತಿಕೊಂಡು ಆನೆ ಬಿಡಾರವಿದೆ. ವಾರದ ಕೊನೆಯ ಬೆಳಿಗ್ಗೆಗಳಲ್ಲಿ ದೂರದೂರುಗಳ ಕಾರು, ಟೆಂಪೊ ಟ್ರಾವೆಲರುಗಳು ಇಲ್ಲಿ ಸಾಲುಗಟ್ಟುತ್ತವೆ. ತುಂಗೆಯಲ್ಲಿ ಆನೆಗಳ ಸ್ನಾನ ನೋಡಿ, ಮಕ್ಕಳನ್ನು ಆನೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿಕೊಂಡು, ಅದೇ ಗಾಡಿಗಳು ಮುಂದೆ ಕುಂದಾದ್ರಿಗೋ ಆಗುಂಬೆಗೋ ಕೊಡಚಾದ್ರಿಗೋ ಹೋಗುತ್ತವೆ. ಬೆಟ್ಟ ಹತ್ತಲು ಹೊರಟವರ ಚೀಲದಲ್ಲಿ ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಇರುತ್ತದೆ. ಹಾವು, ಚಿರತೆ, ಕಾಡಾನೆಯ ಮಾತು ದಾರಿಯುದ್ದಕ್ಕೂ ನಡೆಯುತ್ತದೆ. ಇಂಬಳದಿಂದ ಒಂದಿಷ್ಟು ರಕ್ತ ಹೋಗಿ ನಾಲ್ಕು ದಿನ ತುರಿಸೀತು, ಅಷ್ಟೆ. ಆ ಇಡೀ ಪ್ರವಾಸದಲ್ಲಿ ಅವರ ಜೀವಕ್ಕೆ ಹೆಚ್ಚು ಅಪಾಯ ಇರುವುದು ಅವರು ಕೂತು ಬಂದ ಗಾಡಿಯಿಂದ, ಇಡೀ ರಾತ್ರಿ ನಿದ್ದೆಗೆಟ್ಟು ಅದನ್ನು ಓಡಿಸಿದ ಚಾಲಕನ ಕಣ್ಣಿನಿಂದ.

ಇದಕ್ಕೆ ಲೆಕ್ಕದ ಆಧಾರವಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದೇ ವರ್ಷ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಆಕಸ್ಮಿಕ ಸಾವುಗಳ ಸರ್ಕಾರಿ ಪಟ್ಟಿಯಲ್ಲಿ ಚಾರಣಕ್ಕೆ ಬೇರೆ ಕಾಲಂ ಇಲ್ಲ. ಜಾರಿ ಬಿದ್ದವರು ಬಿದ್ದವರ ಸಾಲಿಗೆ, ಮುಳುಗಿದವರು ಮುಳುಗಿದವರ ಸಾಲಿಗೆ ಸೇರುತ್ತಾರೆ. ಕಾಡುಮೇಡುಗಳ ಲೆಕ್ಕವನ್ನು ಚೆನ್ನಾಗಿ ಇಟ್ಟಿರುವ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಆಕಸ್ಮಿಕ ಸಾವಿಗೆ ಮುಖ್ಯ ಕಾರಣಗಳು ವಾಹನ ಅಪಘಾತ, ಮುಳುಗುವುದು, ಬೀಳುವುದು. ಕರಡಿ, ಹಾವು ಆ ಪಟ್ಟಿಯ ತೀರಾ ಕೆಳಗಿವೆ. ನಮ್ಮ ಮಲೆನಾಡಿನಲ್ಲಿ ಪತ್ರಿಕೆ ಓದುವವರಿಗೆ ಈ ಕ್ರಮ ಹೊಸದೇನಲ್ಲ. ಮಳೆಗಾಲದಲ್ಲಿ ಸುದ್ದಿಯಾಗುವುದು ಹೊಳೆ, ಜಲಪಾತ. ಬೇಸಿಗೆಯಲ್ಲಿ ಕೆರೆ, ಜಲಾಶಯ. ವರ್ಷವಿಡೀ ಘಾಟಿ ರಸ್ತೆಗಳು.

ಹಾಗೆಂದರೆ ಹೆಸರಾದ ಚಾರಣದ ದಾರಿಗಳು ಸುರಕ್ಷಿತವೇ? ನಡೆಯುವಷ್ಟರ ಮಟ್ಟಿಗೆ, ಬಹುಪಾಲು ಹೌದು. ಕಾಲಿನಡಿಯ ದಾರಿ ಸವೆದಿರುತ್ತದೆ, ಹಿಂದೆ ಮುಂದೆ ಜನ ಇರುತ್ತಾರೆ, ತಪ್ಪಿಸಿಕೊಂಡರೆ ಕೂಗಿಗೆ ಓಗೊಡುವವರಿರುತ್ತಾರೆ. ಅಪಾಯ ಬರುವುದು ದಾರಿ ಬಿಟ್ಟ ಹತ್ತು ಹೆಜ್ಜೆಯಲ್ಲಿ, ನೀರಿನ ಬಳಿ, ಅಂಚಿನ ಬಳಿ, ಸುಸ್ತಾದ ಕಾಲು ಇಳಿಜಾರಿನಲ್ಲಿ ಅವಸರ ಮಾಡುವಾಗ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿಯ ಕಡೆ ಜಾರಿದ ವಿದ್ಯಾರ್ಥಿಯೊಬ್ಬನನ್ನು ಪ್ರಪಾತದ ಬದಿಯಿಂದ ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ನಂದಿಬೆಟ್ಟ ಎಂದರೆ ತುದಿಯವರೆಗೆ ರಸ್ತೆ ಇರುವ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುವ ಬೆಟ್ಟ. ಜನ ಹೆಚ್ಚು ಹೋಗುವ ಜಾಗ ಎನ್ನುವ ಒಂದೇ ಕಾರಣಕ್ಕೆ ಅಲ್ಲಿನ ಬಂಡೆಯ ಅಂಚು ಯಾರಿಗೂ ಅಂಚಿನಂತೆ ಕಾಣುವುದಿಲ್ಲ. ಜನಪ್ರಿಯತೆಯೇ ಅಪಾಯವನ್ನು ಮರೆಮಾಡುವ ಬಗೆ ಇದು.

ಮತ್ತೆ ಆಯಸ್ಸಿನ ಮಾತಿಗೆ ಬರೋಣ. ಅದು ಶಾಸ್ತ್ರದ ಮಾತು ಎಂದು ನಂಬಿದವರು ಬಹಳ. ಶಾಸ್ತ್ರದಲ್ಲೇ ಅದಕ್ಕೆ ಎದುರು ವಾದವಿದೆ, ಅದೂ ಸಾಮಾನ್ಯ ಗ್ರಂಥದಲ್ಲಿ ಅಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶಿಷ್ಯ ಅಗ್ನಿವೇಶ ಗುರು ಆತ್ರೇಯನಲ್ಲಿ ಕೇಳುವ ಪ್ರಶ್ನೆಯೇ ಇದು: ಆಯಸ್ಸು ಮೊದಲೇ ನಿಶ್ಚಯವಾಗಿರುತ್ತದೆಯೇ, ಇಲ್ಲವೇ? ಹೊತ್ತು ಬಂದು ಸಾಯುವುದು, ಹೊತ್ತಿಲ್ಲದ ಹೊತ್ತಿನಲ್ಲಿ ಸಾಯುವುದು ಎಂಬ ಭೇದ ಇದೆಯೇ? ಆತ್ರೇಯ ಇದೆ ಎನ್ನುತ್ತಾನೆ. ಎಲ್ಲರ ಆಯಸ್ಸೂ ಅಚಲವಾಗಿ ಗೊತ್ತಾಗಿದ್ದರೆ ಔಷಧ, ಮಂತ್ರ, ಶಾಂತಿ, ಹೋಮ ಯಾವುದೂ ಬೇಕಾಗುತ್ತಿರಲಿಲ್ಲ ಎಂದು ವಾದಿಸುತ್ತಾನೆ. ಕೆರಳಿದ ಆನೆ, ಗೂಳಿಗಳಿಂದ ಯಾರೂ ದೂರ ಸರಿಯಬೇಕಿರಲಿಲ್ಲ; ಪ್ರಪಾತ, ಬೆಟ್ಟ, ದುರ್ಗಮ ಜಾಗ, ನೀರಿನ ಸೆಳೆತ ಇವುಗಳಿಂದಲೂ ತಪ್ಪಿಸಿಕೊಳ್ಳಬೇಕಿರಲಿಲ್ಲ. ಅರಸಿನಗುಂಡಿಯ ಬಂಡೆಯ ಮೇಲೆ ನಿಂತು ಬರೆದಂತಿದೆ ಆ ಪಟ್ಟಿ. ಮುಂದೆ ಗಾಡಿಯ ಅಚ್ಚಿನ ಹೋಲಿಕೆ ಕೊಡುತ್ತಾನೆ. ಒಳ್ಳೆಯ ಅಚ್ಚು ಸರಿಯಾಗಿ ಬಳಸಿದರೆ ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ. ಅದೇ ಅಚ್ಚು ಮಿತಿಮೀರಿದ ಹೇರಿನಿಂದ, ಏರುಪೇರಿನ ದಾರಿಯಿಂದ, ದಾರಿ ಬಿಟ್ಟು ಓಡಿಸಿದ್ದರಿಂದ ನಡುವೆಯೇ ಮುರಿಯುತ್ತದೆ. ನಡುವೆ ಮುರಿದದ್ದಕ್ಕೆ ಅಕಾಲ ಮೃತ್ಯು ಎಂದು ಹೆಸರು.

ವೈದ್ಯನ ದೃಷ್ಟಿ ಇದು, ನಿಜ. ಆದರೆ ಕರ್ಮವನ್ನು ಅಲ್ಲಗಳೆದ ದೃಷ್ಟಿಯಲ್ಲ. ಆತ್ರೇಯ ದೈವವನ್ನೂ ಪುರುಷಪ್ರಯತ್ನವನ್ನೂ ಎರಡು ಬಲಗಳಂತೆ ತೂಗುತ್ತಾನೆ. ಒಂದು ದುರ್ಬಲವಾದಾಗ ಇನ್ನೊಂದು ಅದನ್ನು ಮೀರಬಲ್ಲದು. ಯೋಗವಾಸಿಷ್ಠದ ಮುಮುಕ್ಷು ಪ್ರಕರಣ ಇನ್ನೂ ಮುಂದೆ ಹೋಗಿ, ದೈವ ದೈವ ಎಂದು ಕೈಕಟ್ಟಿ ಕೂರುವವರನ್ನು ಕಟುವಾಗಿಯೇ ಟೀಕಿಸುತ್ತದೆ. ಹೀಗಿರುವಾಗ ಮಗನನ್ನು ಕಳೆದುಕೊಂಡ ಮನೆಯಲ್ಲಿ "ಆಯಸ್ಸು ಅಷ್ಟೇ ಇತ್ತು" ಎಂದರೆ ಅದನ್ನು ಸಾಂತ್ವನವೆಂದು ಒಪ್ಪಬಹುದು. ತಾಯಿಯ ಎದುರು ಕೂತವರಿಗೆ ಬೇರೆ ಮಾತು ತೋಚುವುದೂ ಇಲ್ಲ. ಅದೇ ಮಾತನ್ನು ಮರುದಿನ ಪಂಚಾಯಿತಿ ಕಚೇರಿಯಲ್ಲಿ, ಪ್ರವಾಸ ನಡೆಸುವವರ ಬಾಯಲ್ಲಿ, ಬೇಲಿ ಹಾಕಬೇಕಾದವರ ಬಾಯಲ್ಲಿ ಕೇಳಿದರೆ ಅದಕ್ಕೆ ಶಾಸ್ತ್ರದ ಬೆಂಬಲವಿಲ್ಲ.

ಇನ್ನೊಂದು ಮಾತು, ಸತ್ತವನ ತಪ್ಪು ಹುಡುಕುವ ಮಾತು, ಇದಕ್ಕಿಂತ ಕಠಿಣ. ಅದರ ಬೇರು ಮಹಾಭಾರತದಷ್ಟು ಆಳದಲ್ಲಿದೆ.

ಗದುಗಿನ ಭಾರತ ಗದಾಪರ್ವಕ್ಕೇ ನಿಲ್ಲುವುದರಿಂದ ಮಹಾಪ್ರಸ್ಥಾನದ ಕಥೆ ಕನ್ನಡಿಗರಿಗೆ ಹೆಚ್ಚಾಗಿ ಬಂದದ್ದು ಹರಿಕಥೆ, ಪ್ರವಚನಗಳಿಂದ. ರಾಜ್ಯ ಬಿಟ್ಟು ಹಿಮಾಲಯ ಏರುವ ಪಾಂಡವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ. ಪ್ರತಿಯೊಬ್ಬರು ಬಿದ್ದಾಗಲೂ ಭೀಮ ನಿಂತು ಏಕೆ ಎಂದು ಕೇಳುತ್ತಾನೆ. ಧರ್ಮರಾಜ ನಡೆಯುತ್ತಲೇ ಕಾರಣ ಹೇಳುತ್ತಾನೆ. ದ್ರೌಪದಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು. ಸಹದೇವನಿಗೆ ಬುದ್ಧಿಯ ಗರ್ವ, ನಕುಲನಿಗೆ ರೂಪದ ಗರ್ವ. ಒಂದೇ ದಿನದಲ್ಲಿ ವೈರಿಗಳನ್ನೆಲ್ಲ ಮುಗಿಸುತ್ತೇನೆ ಎಂದು ಅರ್ಜುನ ಜಂಬ ಕೊಚ್ಚಿದ್ದ. ಕೊನೆಗೆ ಭೀಮನೇ ಬಿದ್ದು ತನ್ನ ಕಾರಣ ಕೇಳಿದಾಗ, ಹೊಟ್ಟೆಬಾಕತನ ಮತ್ತು ತೋಳಿನ ಸೊಕ್ಕು ಎಂಬ ಉತ್ತರ ಬರುತ್ತದೆ. ಧರ್ಮರಾಜ ಹಿಂತಿರುಗಿ ನೋಡುವುದಿಲ್ಲ.

ಕಥೆಯನ್ನು ಅಲ್ಲಿಗೇ ನಿಲ್ಲಿಸಿದವರಿಗೆ ಬಿದ್ದವರೆಲ್ಲ ತಮ್ಮ ಅವಗುಣದಿಂದ ಬಿದ್ದವರು ಎಂಬ ನೀತಿ ಸಿಗುತ್ತದೆ, ರೀಲ್ಸ್ ಹುಚ್ಚು ಎಂದು ಬರೆದವರಿಗೆ ಸಿಕ್ಕಂತೆ. ವ್ಯಾಸರು ಅಲ್ಲಿಗೆ ನಿಲ್ಲಿಸಲಿಲ್ಲ. ಹೆಂಡತಿ, ತಮ್ಮಂದಿರ ಪತನಕ್ಕೆ ಕಾರಣ ಕೊಟ್ಟು ನಡೆದವನು, ಬೆನ್ನು ಹತ್ತಿ ಬಂದ ಒಂದು ನಾಯಿಯನ್ನು ಬಿಟ್ಟು ಬಾ ಎಂದಾಗ ಇಂದ್ರನ ರಥವನ್ನೇ ಹತ್ತುವುದಿಲ್ಲ. ನಂಬಿ ಬಂದದ್ದನ್ನು ಬಿಡಲಾರೆ ಎನ್ನುತ್ತಾನೆ. ಸ್ವರ್ಗಕ್ಕೆ ಹೋದ ಮೇಲೂ ತಮ್ಮಂದಿರೆಲ್ಲಿ, ದ್ರೌಪದಿ ಎಲ್ಲಿ ಎಂದೇ ಕೇಳುತ್ತಾನೆ. ಅವರ ದನಿ ನರಕದಲ್ಲಿ ಕೇಳಿಸಿದಾಗ ಇಲ್ಲೇ ಇರುತ್ತೇನೆ ಎಂದು ನಿಲ್ಲುತ್ತಾನೆ. ಬೆಟ್ಟದ ಮೇಲೆ ಕೊಟ್ಟ ಐದು ವಿವರಣೆಗಳೂ ಆಗ ಅವನಿಗೆ ಸಾಲದಾಗುತ್ತವೆ. ಬಿದ್ದವರ ತಪ್ಪನ್ನು ಸರಿಯಾಗಿ ಗುರುತಿಸಿದ್ದು ಅವನ ಕೊನೆಯ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವರ ಜೊತೆ ನಿಂತದ್ದು ಬರುತ್ತದೆ. ಮಹಾಪ್ರಸ್ಥಾನವನ್ನು ಸ್ವರ್ಗಾರೋಹಣದಿಂದ ಬೇರೆ ಮಾಡಿ ಓದಿದರೆ ಅರ್ಧ ಧರ್ಮವಷ್ಟೇ ಕೈಗೆ ಬರುತ್ತದೆ.

ಹಿಂತಿರುಗಿ ನೋಡದವನ ಈ ಕಥೆಯ ಪಕ್ಕದಲ್ಲಿ, ಹಿಂತಿರುಗಿ ನೋಡಿದವರ ಕಥೆಯೊಂದು ಶಿವಮೊಗ್ಗ ಜಿಲ್ಲೆಯ ಬೆಟ್ಟದಲ್ಲೇ ಇದೆ. ಕೊಡಚಾದ್ರಿ 1,343 ಮೀಟರ್ ಎತ್ತರ. ಜೀಪು ನಿಲ್ಲುವ ಜಾಗದಲ್ಲಿ ಮೂಲ ಮೂಕಾಂಬಿಕೆಯ ಗುಡಿ. ಅಲ್ಲಿಂದ ಹುಲ್ಲುಗಾವಲಿನ ಅಂಚಿನಲ್ಲಿ ಏರುತ್ತ ಹೋದರೆ ತುದಿಯಲ್ಲಿ ಸರ್ವಜ್ಞ ಪೀಠ ಎಂದು ಕರೆಯುವ ಪುಟ್ಟ ಕಲ್ಲುಮಂಟಪ. ಅದರಾಚೆ ಪಶ್ಚಿಮದ ಕಡಿದಾದ ಇಳಿಜಾರಿನಲ್ಲಿ ಚಿತ್ರಮೂಲದ ಗುಹೆ. ಆದಿಶಂಕರರು ಇಲ್ಲಿ ತಪಸ್ಸು ಮಾಡಿದರು, ದೇವಿ ಪ್ರತ್ಯಕ್ಷಳಾದಳು, ತಮ್ಮ ನಾಡಿಗೆ ಬರಬೇಕೆಂದು ಅವರು ಕೇಳಿದರು ಎನ್ನುತ್ತದೆ ಸ್ಥಳಪುರಾಣ. ಬರುತ್ತೇನೆ, ನೀನು ಮಾತ್ರ ಹಿಂತಿರುಗಿ ನೋಡಬಾರದು ಎಂಬ ಷರತ್ತು ಹಾಕಿ ದೇವಿ ಹಿಂದೆ ನಡೆದಳು. ಅವಳ ಕಾಲಿನ ಗೆಜ್ಜೆಯ ಸದ್ದನ್ನೇ ನಂಬಿಕೊಂಡು ಶಂಕರರು ಬೆಟ್ಟ ಇಳಿದರು. ಕೊಲ್ಲೂರಿನಲ್ಲಿ ಸದ್ದು ನಿಂತಿತು. ಶಂಕರರು ತಿರುಗಿ ನೋಡಿದರು. ಮಾತು ಮುರಿಯಿತು, ದೇವಿ ಅಲ್ಲೇ ನೆಲೆ ನಿಂತಳು. ಮೂಕಾಂಬಿಕೆಯ ಗುಡಿಗೆ ಇವತ್ತು ಕೇರಳದಿಂದ ಬರುವ ಭಕ್ತರ ದಂಡಿಗೆ ಈ ಕಥೆ ಬಾಯಿಪಾಠ.

ಇದನ್ನು ಸಾಮಾನ್ಯವಾಗಿ ಮಾತು ತಪ್ಪಿದ್ದರ ಕಥೆ ಎಂದು ಹೇಳುತ್ತಾರೆ. ಬೆಟ್ಟ ಇಳಿದು ಬಲ್ಲವರಿಗೆ ಅದು ಬೇರೆಯಾಗಿಯೂ ಕೇಳಿಸಬಹುದು. ಹಿಂದೆ ಬರುವವರ ಹೆಜ್ಜೆ ಸದ್ದು ನಿಂತರೆ ತಿರುಗಿ ನೋಡಬೇಕು, ಎಂಥ ಷರತ್ತಿದ್ದರೂ. ಶಂಕರರು ಗುರಿಯ ಕಡೆ ಕಣ್ಣು ನೆಟ್ಟು ಮುಂದೆ ಹೋಗಿಬಿಟ್ಟಿದ್ದರೆ ಕೊಲ್ಲೂರಿನಲ್ಲಿ ದೇವಿಯೂ ಇರುತ್ತಿರಲಿಲ್ಲ, ಗುಡಿಯೂ ಇರುತ್ತಿರಲಿಲ್ಲ. ಚಾರಣದ ಅನುಭವಿಗಳು ಗುಂಪಿನ ಕಟ್ಟಕಡೆಗೆ ಗಟ್ಟಿಗನೊಬ್ಬನನ್ನು ನಡೆಸುತ್ತಾರೆ. ಅವನನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಶಬರಿಮಲೆಗೆ ಹೋಗುವ ಅಯ್ಯಪ್ಪ ಮಾಲಾಧಾರಿಗಳ ಗುಂಪಿಗೆ ಗುರುಸ್ವಾಮಿ ಇರುವುದೂ ಇದೇ ಕಾರಣಕ್ಕೆ. ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿಯ ಕಾಲು, ಉಸಿರು, ಊಟ ಎಲ್ಲ ಗುರುಸ್ವಾಮಿಯ ಜವಾಬ್ದಾರಿ. ನಲವತ್ತೊಂದು ದಿನದ ವ್ರತದಲ್ಲಿ ಬರಿಗಾಲಲ್ಲಿ ನಡೆದು, ತಣ್ಣೀರಲ್ಲಿ ಮಿಂದು, ಹಿತಮಿತವಾಗಿ ಉಂಡ ದೇಹ ಬೆಟ್ಟಕ್ಕೆ ಒಗ್ಗಿಕೊಂಡಿರುತ್ತದೆ. ಶುಕ್ರವಾರ ರಾತ್ರಿ ಕಂಪನಿಯ ಕುರ್ಚಿಯಿಂದ ಎದ್ದು ಬಸ್ಸು ಹತ್ತಿ, ಶನಿವಾರ ನಸುಕಿಗೆ ಏರು ಹಿಡಿಯುವ ದೇಹಕ್ಕೆ ಆ ನಲವತ್ತೊಂದು ದಿನ ಸಿಕ್ಕಿರುವುದಿಲ್ಲ.

ಋತುವಿನ ವಿಷಯದಲ್ಲೂ ಹಳೆಯ ಮಾರ್ಗಗಳಿಗೆ ಸ್ಪಷ್ಟ ನಿಲುವಿತ್ತು. ಸನ್ಯಾಸಿಗಳಿಗೆ ಆಷಾಢದ ಹುಣ್ಣಿಮೆಯಿಂದ ಚಾತುರ್ಮಾಸ್ಯ, ಬೌದ್ಧ ಭಿಕ್ಷುಗಳಿಗೆ ವರ್ಷಾವಾಸ, ಜೈನ ಮುನಿಗಳಿಗೆ ವರ್ಷಾಯೋಗ. ಇಡೀ ಬದುಕನ್ನೇ ನಡಿಗೆಗೆ ಕೊಟ್ಟವರು ಮಳೆಗಾಲದಲ್ಲಿ ಒಂದು ಕಡೆ ನಿಲ್ಲುತ್ತಿದ್ದರು. ತಮ್ಮ ಜೀವಕ್ಕಿಂತ ಹೆಚ್ಚಾಗಿ, ಮಳೆಯಲ್ಲಿ ನೆಲದ ತುಂಬ ಹುಟ್ಟುವ ಹುಳುಹುಪ್ಪಟೆ, ಮೊಳಕೆಗಳ ಜೀವಕ್ಕಾಗಿ ಆ ನಿಯಮ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ ಆಚಾರ್ಯ ಕುಂದಕುಂದರ ತಪೋಭೂಮಿ ಎಂದು ಪ್ರಸಿದ್ಧ. ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಕೊಳ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಪದ್ಮಾವತಿಯ ಕ್ಷೇತ್ರ, ಜೈನ ಮಠ. ಈ ಸೀಮೆಯಲ್ಲಿ ಬರಿಗಾಲಲ್ಲಿ ನಡೆದ ದಿಗಂಬರ ಮುನಿಗಳಿಗೆ ಸಮಿತಿ ಎಂದು ಕರೆಯುವ ಐದು ಎಚ್ಚರದ ನಿಯಮಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು, ಯಾವ ಜೀವಕ್ಕೂ ನೋವಾಗದಂತೆ ಹೆಜ್ಜೆ ಇಡಬೇಕು. ಇರುವೆಯನ್ನು ಉಳಿಸಲೆಂದು ಹುಟ್ಟಿದ ಆ ಎಚ್ಚರ ನಡೆಯುವವನನ್ನೂ ಉಳಿಸುತ್ತದೆ. ಕತ್ತಲಲ್ಲಿ ನಡೆಯದವನು, ನೆಲ ನೋಡದೆ ಕಾಲಿಡದವನು, ಮಳೆಯಲ್ಲಿ ಹೊಳೆ ದಾಟದವನು ಬೆಟ್ಟದಲ್ಲಿ ಬೀಳುವ ಕಾರಣಗಳಲ್ಲಿ ಬಹುಪಾಲನ್ನು ತಪ್ಪಿಸಿಕೊಂಡಿರುತ್ತಾನೆ. ಈಗ ಪಂಚಾಂಗ ತಲೆಕೆಳಗಾಗಿದೆ. ಜಲಪಾತಗಳು ಚೆಲುವಾಗುವುದೇ ಆಷಾಢ, ಶ್ರಾವಣದಲ್ಲಿ. ಜನ ಮುಗಿಬೀಳುವುದೂ ಆಗಲೇ. ಕುಂದಾದ್ರಿಯ ಬಂಡೆಗೆ ಪಾಚಿ ಕಟ್ಟುವುದೂ ಆಗಲೇ.

ವ್ರತ, ಭಕ್ತಿ ಇದ್ದರೆ ಬೆಟ್ಟ ಕಾಯುತ್ತದೆ ಎಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. 1996ರ ಆಗಸ್ಟಿನಲ್ಲಿ ಅಮರನಾಥದ ದಾರಿಯಲ್ಲಿ ಹಿಮ, ಮಳೆಗೆ ಸಿಕ್ಕಿ 200ಕ್ಕೂ ಹೆಚ್ಚು ಯಾತ್ರಿಕರು ಸತ್ತರು. 2011ರ ಜನವರಿ 14ರ ರಾತ್ರಿ, ಮಕರಜ್ಯೋತಿ ನೋಡಿ ಮರಳುತ್ತಿದ್ದ ಭಕ್ತರಲ್ಲಿ 100ಕ್ಕೂ ಹೆಚ್ಚು ಜನ ಶಬರಿಮಲೆಯ ಬಳಿಯ ಪುಲ್ಲುಮೇಡಿನ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಕರ್ನಾಟಕದಿಂದ ಹೋದವರೂ ಅವರಲ್ಲಿದ್ದರು. ಅವರ ಭಕ್ತಿಯಲ್ಲಿ ಕೊರತೆ ಹುಡುಕುವ ಧೈರ್ಯ ಯಾರಿಗಿದೆ? ಅಮರನಾಥದ ದುರಂತದ ಮೇಲೆ ನೇಮಿಸಿದ ಸೇನ್‌ಗುಪ್ತ ಸಮಿತಿ ಯಾತ್ರಿಕರ ಸಂಖ್ಯೆಗೆ, ವಯಸ್ಸಿಗೆ ಮಿತಿ ಹಾಕಲು ಹೇಳಿತು. ಈಗ ಅಲ್ಲಿಗೆ ಹೋಗಲು ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಒಂದು ಕಾಲದಲ್ಲಿ ಗುರುವೂ ವ್ರತವೂ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಸರ್ಕಾರದ ಕಾಗದ ಮಾಡುತ್ತಿದೆ ಎನ್ನಬಹುದು.

ಕುಮಾರಪರ್ವತದಲ್ಲಿ ನಡೆದದ್ದೂ ಅದೇ. ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗಿರುವ ಈ ಬೆಟ್ಟ 1,712 ಮೀಟರ್. ಗಿರಿಗದ್ದೆಯ ಮೇಲೆ ಹೋಗುವ ದಾರಿ ರಾಜ್ಯದ ಕಷ್ಟದ ಚಾರಣಗಳಲ್ಲಿ ಒಂದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಸೇರಿದ್ದ ಜನರ ವಿಡಿಯೊ ನೋಡಿ ನಾಡು ದಂಗಾಯಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಅರಣ್ಯ ಸಚಿವ ಈಶ್ವರ ಖಂಡ್ರೆ ತಡೆ ಹಾಕಿದರು. ಅದೇ ವರ್ಷ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಬುಕಿಂಗ್ ತಾಣ ತೆರೆದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಗೊತ್ತುಮಾಡಿತು. ಬೆಟ್ಟ ಯಾರಪ್ಪನ ಸ್ವತ್ತು ಎಂದು ಸಿಟ್ಟಾದವರಿದ್ದಾರೆ. ಕಡಿದಾದ ಇಳಿಜಾರಿನಲ್ಲಿ ಹಿಂದಿನವರು ಮುಂದಿನವರನ್ನು ನೂಕುವಷ್ಟು ಜನ ಇದ್ದಾಗ ಒಬ್ಬನ ಕಾಲು ಜಾರಿದರೆ ಹತ್ತು ಜನ ಜಾರುತ್ತಾರೆ. ಮಿತಿ ಬೇಕೇ ಬೇಕು. ಪೂರ್ತಿ ನಿಷೇಧ ಬೇರೆ ವಿಷಯ. ಬೆಟ್ಟದ ಬಾಗಿಲು ಮುಚ್ಚಿದ ಮಾತ್ರಕ್ಕೆ ಹರೆಯದವರು ಮನೆಯಲ್ಲಿ ಕೂರುವುದಿಲ್ಲ. ಕಾವಲಿಲ್ಲದ ಜಲಾಶಯದ ದಂಡೆಗೆ, ಹೆದ್ದಾರಿಗೆ ಹೋಗುತ್ತಾರೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಆ ಎರಡೂ ಬೆಟ್ಟಕ್ಕಿಂತ ಹೆಚ್ಚು ಜನರನ್ನು ಕೊಲ್ಲುತ್ತವೆ.

ಎಚ್ಚರ, ಅನುಭವ, ಗುಂಪು, ಮುಂದಾಳು ಎಲ್ಲ ಇದ್ದೂ ಸಾವು ಬರುತ್ತದೆ. 2024ರ ಜೂನ್ ಮೊದಲ ವಾರ, ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಂತಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಶಿಬಿರ ಮುಟ್ಟಲಾಗದೆ ರಾತ್ರಿ ಬಯಲಲ್ಲೇ ಕಳೆಯಬೇಕಾಯಿತು. ಒಂಬತ್ತು ಮಂದಿ ತೀರಿಕೊಂಡರು, ಹದಿಮೂರು ಮಂದಿಯನ್ನು ಹೆಲಿಕಾಪ್ಟರಿನಲ್ಲೂ ಕಾಲ್ನಡಿಗೆಯಲ್ಲೂ ಹೋದವರು ಉಳಿಸಿದರು. ಸತ್ತವರಲ್ಲಿ ಹಲವರು ವರ್ಷಗಟ್ಟಲೆ ಬೆಟ್ಟ ಸುತ್ತಿದವರು, ಐವತ್ತು ಅರವತ್ತು ದಾಟಿದವರು. ರೀಲ್ಸ್ ಹುಚ್ಚು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆಯಸ್ಸು ಎಂದು ಕೈತೊಳೆದುಕೊಂಡರೆ ಹವಾಮಾನದ ಮುನ್ಸೂಚನೆ, ತಿರುಗಿ ಬರಬೇಕಾದ ಹೊತ್ತು, ಹೊದಿಕೆ, ಸಂಪರ್ಕ ಇವುಗಳ ಬಗ್ಗೆ ಯಾರೂ ಕೇಳದಂತಾಗುತ್ತದೆ. ಸತ್ತವರಿಗೆ ಗೌರವ ಕೊಡುತ್ತಲೇ ಈ ಪ್ರಶ್ನೆಗಳನ್ನು ಕೇಳಬಹುದು. ಆತ್ರೇಯನ ಶಿಷ್ಯಪರಂಪರೆ ಕಲಿಸಿದ್ದೂ ಹಾಗೆ ಕೇಳುವುದನ್ನೇ.

ಸಂತೋಷಕ್ಕಾಗಿ ಜೀವವನ್ನು ಇಷ್ಟಾದರೂ ಪಣಕ್ಕಿಡುವುದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣ ದಾಟಿ ಶ್ರೀಶೈಲದ ಕಾಡು ಸೇರಿದಾಗ ಅವಳೊಂದಿಗೆ ಯಾವ ಕಾವಲೂ ಇರಲಿಲ್ಲ. ಅವಳ ನಡಿಗೆಯನ್ನು ಹುಚ್ಚು ಎಂದವರು ಅಂದೂ ಇದ್ದಿರಬೇಕು. ವಾರಾಂತ್ಯದ ಚಾರಣವನ್ನು ಆ ನಡಿಗೆಗೆ ಸಮ ಮಾಡುವುದು ಅತಿಯಾದೀತು. ಆದರೂ ಕೊಡಚಾದ್ರಿಯ ತುದಿಯಲ್ಲಿ ಮಂಜು ಸರಿದು ಪಶ್ಚಿಮದ ಕಣಿವೆ ಒಮ್ಮೆಲೆ ತೆರೆದುಕೊಂಡಾಗ, ಅಲ್ಲಿ ನಿಂತ ಹತ್ತು ಜನರಲ್ಲಿ ಒಬ್ಬಿಬ್ಬರಾದರೂ ಮಾತು ಮರೆತು ಕೈಮುಗಿಯುತ್ತಾರೆ. ಆ ಕೈಮುಗಿತ ಬೆಲೆಯುಳ್ಳದ್ದು, ಅದಕ್ಕಾಗಿ ಸಣ್ಣ ಅಪಾಯವನ್ನು ತಿಳಿದು ಒಪ್ಪಿಕೊಳ್ಳುವುದು ಅಧರ್ಮವಲ್ಲ. ತಿಳಿದು ಒಪ್ಪಿಕೊಳ್ಳಬೇಕು ಎನ್ನುವುದಷ್ಟೇ ಷರತ್ತು. ಅದಕ್ಕೆ ಮೊದಲು, ಆ ಅಪಾಯದಲ್ಲಿ ಬೇರೆ ಯಾರ ಪಾಲು ಎಷ್ಟು ಎಂದು ನೋಡಬೇಕು.

ಸಕ್ರೆಬೈಲಿನಲ್ಲಿ ಪ್ರವಾಸಿಗರು ಬರುವ ಮೊದಲೇ ಒಂದು ನಡಿಗೆ ಮುಗಿದಿರುತ್ತದೆ. ಮೇಯಲು ಕಾಡಿಗೆ ಬಿಟ್ಟ ಆನೆಗಳನ್ನು ಕರೆತರಲು ಮಾವುತರು, ಕಾವಾಡಿಗಳು ಬೆಳಗಿನಲ್ಲೇ ಹೊರಡುತ್ತಾರೆ. ಆನೆಯ ಕಾಲಿಗೆ ಕಟ್ಟಿದ ಉದ್ದನೆಯ ಸರಪಳಿ ನೆಲದ ಮೇಲೆ ಎಳೆದ ಗೆರೆಯೇ ಅವರಿಗೆ ದಾರಿ. ಒದ್ದೆ ತರಗೆಲೆ ಸರಿದ ಗುರುತು, ಮುರಿದ ಬಿದಿರು, ಲದ್ದಿಯ ಬಿಸಿ ನೋಡಿ ಆನೆ ಎಷ್ಟು ದೂರ ಹೋಗಿದೆ ಎಂದು ಅಂದಾಜು ಮಾಡುತ್ತಾರೆ. ಅದೇ ಕಾಡಿನಲ್ಲಿ ಕಾಡಾನೆಯೂ ಇರಬಹುದು. 2023ರ ಏಪ್ರಿಲ್‌ನಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಗೆ ಹೋಗಿದ್ದ ಸಕ್ರೆಬೈಲು ಬಿಡಾರದ ವನ್ಯಜೀವಿ ವೈದ್ಯರು ಆನೆಯ ದಾಳಿಯಲ್ಲಿ ತೀವ್ರವಾಗಿ ಗಾಯಗೊಂಡರು. ಚಾರಣಿಗರು ಕಥೆಯಲ್ಲಿ ಹೆದರುವ ಅಪಾಯ ಇವರಿಗೆ ಹೊಟ್ಟೆಪಾಡಿನ ಕೆಲಸ.

ಕಾಡಿನ ನಿಜವಾದ ಅಪಾಯದ ಹೆಚ್ಚಿನ ಪಾಲು ಬೀಳುವುದು ಹೀಗೆ ಅಲ್ಲೇ ಬದುಕುವವರ ಮೇಲೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ; ಬಹುಪಾಲು ಹಳ್ಳಿಗಾಡಿನವರು, ಗದ್ದೆ ತೋಟದಲ್ಲಿ ದುಡಿಯುವವರು. ಮಂಗನ ಕಾಯಿಲೆಯ ಕಥೆಯೂ ಹಾಗೆಯೇ. 1957ರಲ್ಲಿ ಅದು ಮೊದಲು ಗುರುತಿಗೆ ಬಂದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳನ್ನು ತೆಗೆದುಕೊಂಡಿತು. ಉಣುಗುಗಳಿಂದ ಹರಡುವ ಈ ಜ್ವರದ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಮಳೆ ನಿಂತು ಚಾರಣದ ಹಂಗಾಮು ಶುರುವಾಗುವ ತಿಂಗಳುಗಳು. ದಾರಿಯ ಮೇಲೆ ಒಂದು ಬೆಳಗು ನಡೆದು ಹೋಗುವವರಿಗೆ ಅದು ತಗಲುವ ಸಂಭವ ಕಡಿಮೆ. ಕೊಟ್ಟಿಗೆಗೆ ತರಗು ಗುಡಿಸಿ ಹೊತ್ತು ತರುವ ಹೆಂಗಸಿಗೆ, ದನ ಕಾಯುವವನಿಗೆ ಕಡಿಮೆಯಿಲ್ಲ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಅವರ ರಕ್ಷೆ. ಚಾರಣಿಗರೂ ಅದನ್ನು ಕೇಳಿ ಹಚ್ಚಿಕೊಳ್ಳಬೇಕು, ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಊರಿನವರಿಗೋ ಅರಣ್ಯ ಸಿಬ್ಬಂದಿಗೋ ತಿಳಿಸಬೇಕು.

ಬೆಟ್ಟದಲ್ಲಿ ಒಬ್ಬ ಕಾಣೆಯಾದರೆ ಮೊದಲು ಹುಡುಕಹೊರಡುವವರೂ ಇದೇ ಜನ. ಪೊಲೀಸರು, ಅಗ್ನಿಶಾಮಕ ದಳ ತಲುಪುವುದರೊಳಗೆ ಪಕ್ಕದ ಊರಿನವರು ಟಾರ್ಚ್ ಹಿಡಿದು ನುಗ್ಗಿರುತ್ತಾರೆ. ಊರಿನ ಈಜುಗಾರರು ಸುಳಿಯಿರುವ ಗುಂಡಿಗೆ ಇಳಿದಿರುತ್ತಾರೆ. ಹಿಂತಿರುಗಿ ನೋಡುವ ಧರ್ಮವನ್ನು ನಿಜವಾಗಿ ನಡೆಸುತ್ತಿರುವವರು ಇವರು; ಗುರುತು ಪರಿಚಯ ಇಲ್ಲದವನಿಗಾಗಿ ತಮ್ಮ ಜೀವವನ್ನು ಪಣಕ್ಕಿಡುವವರು. ದಿನಕ್ಕೆ 300 ಜನರಿಂದ ಶುಲ್ಕ ಪಡೆಯುವ ವ್ಯವಸ್ಥೆ ಈಗ ಇದೆ. ಆ ಹಣದ ಒಂದು ಪಾಲು ಕೊಡಚಾದ್ರಿ, ಕುಮಾರಪರ್ವತದ ಬುಡದ ಊರುಗಳಿಗೇ ಹೋಗಬೇಕು. ಅಲ್ಲಿನ ಹುಡುಗ ಹುಡುಗಿಯರಿಗೆ ಹಗ್ಗದ ಕೆಲಸ, ಪ್ರಥಮ ಚಿಕಿತ್ಸೆ, ನೀರಿನಿಂದ ಎತ್ತುವ ತರಬೇತಿ ಸಿಗಬೇಕು, ಸಿಕ್ಕವರಿಗೆ ಸಂಬಳ ಮತ್ತು ವಿಮೆ ಇರಬೇಕು. ಚಾರಣದ ಪ್ರತಿ ದಾರಿಯ ತಲೆಬಾಗಿಲಲ್ಲಿ ಹಗ್ಗ, ಸ್ಟ್ರೆಚರ್, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇರಬೇಕು. ಸಂಜೆ ಬುಕಿಂಗಿನ ಪಟ್ಟಿ ಹಿಡಿದು, ಬೆಳಿಗ್ಗೆ ಹತ್ತಿದವರಲ್ಲಿ ಎಷ್ಟು ಜನ ಇಳಿದರು ಎಂದು ಹೆಸರು ಕೂಗಿ ಎಣಿಸುವ ಒಬ್ಬರು ಅಲ್ಲಿರಬೇಕು. ಒಂದು ಹೆಸರಿಗೆ ಉತ್ತರ ಬರದಿದ್ದರೂ ಕತ್ತಲಾಗುವ ಮೊದಲೇ ಹುಡುಕಾಟ ಹೊರಡಬೇಕು.